ಕಾವಲಿನ ಹುಲ್ಲು, ಬೇಲಿಯ ಗೂಡು

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇತಿಹಾಸದ ಪಾಠ ಹೇಳುವವನಿಗೆ ಒಂದು ಅನುಕೂಲವಿದೆ. ಅಶೋಕ ಚಕ್ರವರ್ತಿಯನ್ನು ಮಕ್ಕಳಿಗೆ ತೋರಿಸಲು ಅವನು ಪಾಟಲಿಪುತ್ರದವರೆಗೆ ಹೋಗಬೇಕಾಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಮಾತು ಇದೆ. ಇವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದರು. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದಯೆಯನ್ನು ದೃಢವಾಗಿ ಪಾಲಿಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ಆಚಾರ್ಯನ ಮಾತು ಬಂದಾಗ ನನ್ನ ದನಿ ಕೊಂಚ ಏರುತ್ತಿದ್ದುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಇಂದಿಗೂ ಹೇಳಿ ನಗುತ್ತಾರೆ. ಈ ಪುಟವನ್ನು ಓದುವವರು ಶಿಷ್ಯರು ಮತ್ತು ಬಂಧುಗಳು. ಇಬ್ಬರಿಗೂ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಆ ಬಂಡೆಯ ಮೇಲೆ ಸ್ಥಳ ಸಿಕ್ಕಿದೆ!

ಇಂದು ನಾನು ಬರೆಯಹೊರಟಿರುವುದು ಪ್ರಾಣಿಗಳನ್ನು ಕುರಿತ ಆ ಮಾತಿನ ಬಗೆಗೆ. ಇದಕ್ಕೆ ಕಾರಣನಾದವನು ಮೊಳಕಾಲ್ಮೂರಿನ ಕಡೆ ಒಕ್ಕಲುತನ ಮಾಡಿಕೊಂಡಿರುವ ನನ್ನೊಬ್ಬ ಶಿಷ್ಯ. ಹೊಲದ ಸುತ್ತಲಿನ ಹಳೆಯ ಬೇಲಿಯನ್ನು ಜೆಸಿಬಿಯಿಂದ ಕೀಳಿಸಿ ತಂತಿ ಬೇಲಿ ಹಾಕಿಸಬೇಕೆಂದು ಅವನು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮುಹೂರ್ತ ಮಾಡಿದ್ದ. "ಬೇಲಿ ತುಂಬ ಹಕ್ಕಿ ಗೂಡು ಅದಾವೆ ಸಾ, ಮಗಳು ಕೀಳಬ್ಯಾಡ ಅಂತ ಅಳ್ತಾಳೆ, ಏನ್ ಮಾಡ್ಲಿ?" ಎಂದು ದೂರವಾಣಿಯಲ್ಲಿ ಕೇಳಿದ. ಮರುದಿನವೇ ಹೋಗಿ ನೋಡಿ ಹೇಳಿದ್ದನ್ನು ಮುಂದೆ ತಿಳಿಸುತ್ತೇನೆ. ಆದರೆ ಆ ಪ್ರಶ್ನೆಗೆ ನಮ್ಮ ಸೀಮೆಯ ಇತಿಹಾಸದಲ್ಲಿ ಒಂದು ಉತ್ತರವಿದೆ. ಅದನ್ನು ಮೊದಲು ಹೇಳಬೇಕು.

ಅಶೋಕನು ಪಟ್ಟಾಭಿಷಿಕ್ತನಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನವೊಂದುಂಟು. ಅದು ನಮ್ಮ ಬಂಡೆಗಳ ಮೇಲಿಲ್ಲ. ಉತ್ತರದ ಕಂಬಗಳ ಮೇಲಿದೆ. ಕೊಲ್ಲಬಾರದ ಜೀವಿಗಳ ದೊಡ್ಡ ಪಟ್ಟಿಯನ್ನೇ ಅದು ಕೊಡುತ್ತದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಊರಪಾರಿವಾಳ ಎಲ್ಲವೂ ಅದರಲ್ಲಿವೆ. ಶಾಲೆಯ ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ನನಗೆ ಹೆಚ್ಚು ಮುಖ್ಯವೆಂದು ತೋರುವುದು ಅದರ ಮುಂದಿನ ಭಾಗ: ಜೀವಿಗಳು ಸೇರಿಕೊಂಡಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ, ಅಥವಾ ಹಿಂಸೆಗಾಗಿ, ಕಾಡಿಗೆ ಬೆಂಕಿಯಿಡಬಾರದು. ಕೊಲ್ಲಬೇಡಿ ಎಂದು ಹೇಳಿದ ರಾಜರು ಅನೇಕರಿದ್ದಾರೆ. ಕೊಲ್ಲುವ ಉದ್ದೇಶವೇ ಇಲ್ಲದೆ, ಕಸ ಸುಡುವಾಗ, ಪೊದೆ ಸವರುವಾಗ ಜೀವ ಹೋಗುತ್ತದೆ ಎಂಬುದನ್ನು ಗಮನಿಸಿ ಶಾಸನ ಬರೆಸಿದವರು ಅಪರೂಪ.

ಈಗ ಚಳ್ಳಕೆರೆಯ ಕಡೆಗೆ ಬರೋಣ. ಕಡಲೆಕಾಯಿ ಎಣ್ಣೆ ಗಿರಣಿಗಳಿಂದ ಹೆಸರಾದ ಈ ಊರಿನ ಸುತ್ತಲ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಲ್ಲಿ ದಟ್ಟ ಕಾಡು ಬೆಳೆಯದು. ಬೆಳೆಯುವುದು ಹುಲ್ಲು. ಆ ಹುಲ್ಲನ್ನೇ ಸಂಪತ್ತೆಂದು ತಿಳಿದವರು ಮೈಸೂರಿನ ಅರಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆ ರೂಪುಗೊಂಡು, ಅದಕ್ಕೆ ನಾಡಿನ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಡಲಾಯಿತು. ಟಿಪ್ಪು ಸುಲ್ತಾನನು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟನು. ಫಿರಂಗಿಗಳನ್ನು ಎಳೆಯಬಲ್ಲ ಈ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರವನ್ನು ತಲುಪಿದನೆಂದು ಗ್ಯಾಸೆಟಿಯರುಗಳು ಹೇಳುತ್ತವೆ. 1799ರ ನಂತರ ಎತ್ತುಗಳು ಇಂಗ್ಲಿಷರ ಸೇನೆಯ ವಶಕ್ಕೆ ಹೋದವು. 1860ರಲ್ಲಿ ಉಳಿತಾಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿದರು. ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಿದರು. 1923ರಲ್ಲಿ ಅಮೃತ ಮಹಲ್ ಸೈನ್ಯದ ಕೈಯಿಂದ ಕೃಷಿ ಇಲಾಖೆಗೆ ಬಂತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಕರಗುತ್ತ ಬಂದ ಕಥೆ ದೀರ್ಘವಾದದ್ದು, ಇಲ್ಲಿ ಬೇಡ.

ಇಲ್ಲಿ ಬೇಕಾದದ್ದು ಕಾವಲಿನ ಕ್ರಮ. ಎಲ್ಲ ಕಾವಲುಗಳೂ ಒಂದೇ ಬಗೆಯವಲ್ಲ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ನೀರು, ನೆರಳು, ಹುಲ್ಲಿನ ಗುಣ ನೋಡಿ ಋತುವಿಗೆ ತಕ್ಕಂತೆ ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಿಂಡು ಹೋದ ಕಾವಲಿನಲ್ಲಿ ಹುಲ್ಲು ಚಿಗುರಿ, ತೆನೆಬಿಟ್ಟು, ಬೀಜ ಉದುರಿಸುವಷ್ಟು ಬಿಡುವು ಪಡೆಯುತ್ತಿತ್ತು. ಯಾವ ಕಾಲದಲ್ಲಿಯೂ ಎಲ್ಲ ಹುಲ್ಲೂ ಒಟ್ಟಿಗೆ ಮೇಯಲ್ಪಡುತ್ತಿರಲಿಲ್ಲ. ಎಲ್ಲೋ ಒಂದು ಕಡೆ ನೆಲ ಸದಾ ವಿಶ್ರಾಂತಿಯಲ್ಲಿರುತ್ತಿತ್ತು.

ಈ ಏರ್ಪಾಟು ಎತ್ತಿಗಾಗಿ ಆದದ್ದು, ಹಕ್ಕಿಗಾಗಿ ಅಲ್ಲ. ಹೈದರನಾಗಲಿ ಒಡೆಯರಾಗಲಿ ಗೌಜಲ ಹಕ್ಕಿಯ ಮೊಟ್ಟೆಯ ಚಿಂತೆಯಿಂದ ಕಾವಲು ಮಾಡಲಿಲ್ಲ. ಆದರೂ ಅದರ ಲಾಭ ಹಕ್ಕಿಗೆ ಸಿಕ್ಕಿತೆಂದೇ ನನ್ನ ತರ್ಕ. ಏಕೆಂದರೆ ನಮ್ಮ ಬಯಲಿನ ಹಕ್ಕಿಗಳಲ್ಲಿ ಬಹುಪಾಲು ಮರದಲ್ಲಿ ಗೂಡು ಕಟ್ಟುವಂಥವಲ್ಲ. ಗೌಜಲು, ಬುರ್ಲಿ, ನೆಲಗುಬ್ಬಿ, ನತ್ತಿಂಗ, ಟಿಟ್ಟಿಭ ಇವೆಲ್ಲ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಟಿಟ್ಟಿಭನ ಗೂಡೆಂದರೆ ನಾಲ್ಕು ಕಲ್ಲುಹರಳುಗಳ ನಡುವಣ ಒಂದು ತಗ್ಗು, ಅಷ್ಟೆ. ಮೊಟ್ಟೆಯ ಬಣ್ಣವೇ ಅದಕ್ಕೆ ಮರೆ. ಹಿಂಡು ನಡೆದರೆ, ಕುಡುಗೋಲು ಬೀಸಿದರೆ, ಬೆಂಕಿ ಹತ್ತಿದರೆ ಆ ಮರೆ ಏನನ್ನೂ ಕಾಯದು.

ಇವುಗಳಲ್ಲೆಲ್ಲ ದೊಡ್ಡದು ಎರೆಭೂತ. ಎರೆಯ ಸೀಮೆಯಲ್ಲಿ ಭೂತದಂತೆ ಎದ್ದು ನಿಲ್ಲುವ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಈಚೆಗೆ ಇದನ್ನು ಹೆಬ್ಬಕ ಎಂದೂ ಬರೆಯುತ್ತಾರೆ. ಇಷ್ಟು ದೊಡ್ಡ ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಒಂದು ಮೊಟ್ಟೆ, ಅದೂ ಬರಿ ನೆಲದ ಮೇಲೆ. ತಾಯಿಹಕ್ಕಿ ಸುಮಾರು ನಾಲ್ಕು ವಾರ ಕಾವು ಕೊಡಬೇಕು. ಆ ನಾಲ್ಕು ವಾರ ಯಾರೂ ತುಳಿಯದ, ಕೊಯ್ಯದ, ಸುಡದ ನೆಲ ಅದಕ್ಕೆ ಬೇಕು. ಹಾಗೆಂದು ಆಳೆತ್ತರದ ಹುಲ್ಲೂ ಆಗದು, ಮರದ ತೋಪೂ ಆಗದು. ದೂರದವರೆಗೆ ಕಣ್ಣು ಹಾಯಬೇಕು. ಅಂದರೆ ಮೇಯಿಸಿದ ಹುಲ್ಲೂ ಬೇಕು, ಬಿಡುವು ಪಡೆದ ಹುಲ್ಲೂ ಬೇಕು. ಹಳೆಯ ಕಾವಲಿನ ಕ್ರಮ ಇವೆರಡನ್ನೂ ಅಕ್ಕಪಕ್ಕದಲ್ಲಿ ಒದಗಿಸುವಂಥದು.

ಕಾವಲುಗಳ ಅಂಚಿನಲ್ಲಿಯೇ ಬದುಕಿದವರು ನಮ್ಮ ಮ್ಯಾಸನಾಯಕರು. ಅವರ ದೇವರ ಎತ್ತುಗಳೂ ಅವನ್ನು ಕಾಯುವ ಕಿಲಾರಿಗಳೂ ನಿಮಗೆ ಹೊಸಬರಲ್ಲ. ಬೇಟೆಯ ಪರಂಪರೆಯ ಈ ಜನ ಕೋಳಿಯನ್ನು ಮಾತ್ರ ತಿನ್ನುವುದಿಲ್ಲವೆಂಬುದು ಹೊರಗಿನವರಿಗೆ ಆಶ್ಚರ್ಯ ತರುತ್ತದೆ. ನನ್ನ ವಿದ್ಯಾರ್ಥಿಯೊಬ್ಬನ ತಾತ, ಕಿಲಾರಿಯಾಗಿದ್ದವರು, ಹುಲ್ಲು ಕೊಯ್ಯುವ ವಿಷಯ ಕೇಳಿದಾಗ ಹೇಳಿದ್ದು ಹೀಗೆ: "ಹುಲ್ಲು ಬೀಜ ಉದುರೋಗಂಟ ಕುಡುಗೋಲು ಮುಟ್ಟಬಾರದು ಮೇಷ್ಟ್ರೇ. ಆಮ್ಯಾಕೂ ಕೊಯ್ವಾಗ ನಡುಮಧ್ಯದಿಂದ ಸುರು ಮಾಡಿ ಅಂಚಿಗೆ ಬರಬೇಕು. ಅಂಚಿಂದ ಸುತ್ತಿಕೊಂಡು ಹೋದ್ರೆ ಒಳಗೆ ಸಿಕ್ಕಂಡ ಮರಿ ಎಲ್ಲಿಗೆ ಓಡ್ತಾವೆ?" ಯುರೋಪಿನಲ್ಲಿ ಹುಲ್ಲುಗಾವಲಿನ ಹಕ್ಕಿಗಳನ್ನು ಉಳಿಸಲು ಹೊರಟವರು ಕೊಯ್ಲಿನ ಯಂತ್ರ ನಡೆಸುವ ರೈತರಿಗೆ ಇದೇ ಮಾತನ್ನು ಹೇಳುತ್ತಾರೆಂದು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಆ ಅಜ್ಜ ಎಂದೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಇನ್ನು ಬೇಲಿಯ ಚರಿತ್ರೆ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಬೇಲಿಗೂ ಚರಿತ್ರೆಯಿದೆ. ನಮ್ಮ ಹಿರಿಯರ ಕಾಲದ ಬೇಲಿಯೆಂದರೆ ಕಳ್ಳಿ, ಕತ್ತಾಳೆ, ಪಾಪಾಸುಕಳ್ಳಿ. ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದದ್ದು. ಅದು ಮಿತಿಮೀರಿ ಹಬ್ಬಿದಾಗ 1926ರಲ್ಲಿ ಸಿಂಹಳದಿಂದ ಒಂದು ಬಗೆಯ ಕೀಟವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಬಹುಭಾಗದಲ್ಲಿ ಪಾಪಾಸುಕಳ್ಳಿ ಕೊಳೆತು ಬಿತ್ತು. ಬೆಳೆಗಾರನಿಗೆ ಅನುಕೂಲವಾಯಿತು, ನಿಜ. ಅದರ ಮುಳ್ಳಿನ ಮರೆಯಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳ ಲೆಕ್ಕವನ್ನು ಯಾರು ಇಟ್ಟರು? ಆ ತೆರವಾದ ಜಾಗಕ್ಕೆ ನಮ್ಮ ಕಡೆ ಬಂದದ್ದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಹೊರದೇಶದ್ದು. 1877ರ ಸುಮಾರಿಗೆ ಜಮೈಕದಿಂದ ಬೀಜ ತರಿಸಿ ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ದನಕರುಗಳು ಕಾಯಿ ತಿಂದು ಸೆಗಣಿಯ ಮೂಲಕ ಅದನ್ನು ಊರೂರಿಗೆ ಹಂಚಿದವು. ಈಗ ಕೆರೆಯಂಗಳ, ಕಾವಲು, ಹೊಲದ ಬದು ಎಲ್ಲೆಡೆ ಅದೇ.

ಬಳ್ಳಾರಿ ಜಾಲಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹುಲ್ಲುಗಾವಲಿನೊಳಗಿನದನ್ನು ತೆಗೆಯಲೇಬೇಕು, ಇಲ್ಲವಾದರೆ ಹುಲ್ಲೂ ಉಳಿಯದು, ನೆಲದ ಹಕ್ಕಿಯೂ ಉಳಿಯದು. ಆದರೆ ಹೊಲದ ಬೇಲಿಯಾಗಿ ನಿಂತದ್ದನ್ನು ಒಂದೇ ದಿನದಲ್ಲಿ ಬುಡಸಹಿತ ಕಿತ್ತರೆ ಪಿಕಳಾರ, ಹರಟೆಮಲ್ಲ, ಸಿಂಪಿಗ, ರಾಟವಾಳಗಳು ಅಂದೇ ಮನೆ ಕಳೆದುಕೊಳ್ಳುತ್ತವೆ. ಹಕ್ಕಿಗೆ ಗಿಡ ದೇಶೀಯವೋ ವಿದೇಶೀಯವೋ ಎಂಬ ಭೇದವಿಲ್ಲ. ಮುಳ್ಳಿದ್ದರೆ ಸರಿ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳಬಹುದು. ಬ್ರಿಟಿಷ್ ಇಂಡಿಯಾದಲ್ಲಿ 1887ರಲ್ಲಿಯೂ 1912ರಲ್ಲಿಯೂ ಕಾಡುಹಕ್ಕಿಗಳ ರಕ್ಷಣೆಗೆ ಕಾಯ್ದೆಗಳಾದವು. ಮೈಸೂರು ಸಂಸ್ಥಾನಕ್ಕೆ 1901ರ ತನ್ನದೇ ಬೇಟೆ ಮತ್ತು ಮೀನುಗಾರಿಕೆಯ ನಿಬಂಧನೆಯಿತ್ತು. ಮರಿ ಮಾಡುವ ಕಾಲದಲ್ಲಿ ಬೇಟೆ ನಿಲ್ಲಿಸಬೇಕೆಂಬುದು ಇವುಗಳ ಹಿಂದಿನ ವಿಚಾರ. ಒಳ್ಳೆಯದೇ, ಆದರೆ ಮುಂದಿನ ವರ್ಷ ದೊರೆಗಳಿಗೆ ಹೊಡೆಯಲು ಹಕ್ಕಿ ಸಿಗಬೇಕೆಂಬ ಆಸೆಯೂ ಅದರಲ್ಲಿತ್ತು. ಆ ಕಾಯ್ದೆಗಳು ಬಂದೂಕನ್ನು ತಡೆದವೇ ಹೊರತು ಕುಡುಗೋಲನ್ನೂ ಬೆಂಕಿಕಡ್ಡಿಯನ್ನೂ ಗಮನಿಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಯಿತು. ಅದು 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ ಗೂಡನ್ನು ಕದಡುವುದೂ ಸೇರಿವೆ. ಬೇಲಿ ಸವರುವ ರೈತನಿಗೆ ಇದನ್ನು ತಿಳಿಸಿದವರು ಯಾರೂ ಇಲ್ಲ.

ಹೊರದೇಶಗಳಲ್ಲಿ ಬೇಲಿಗೆಂದೇ ನಿಯಮಗಳಿವೆ. ಐರ್ಲೆಂಡಿನಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಜರ್ಮನಿಯಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಪೊದೆಬೇಲಿಗಳನ್ನು ಕಡಿಯುವುದಕ್ಕೆ ನಿರ್ಬಂಧವಿದೆ. ಕೆಲವು ವಿನಾಯಿತಿಗಳೂ ಉಂಟು. ಇಂಗ್ಲೆಂಡಿನಲ್ಲಿ 2024ರಲ್ಲಿ ಹೊಸ ನಿಯಮಾವಳಿಯೇ ಬಂತು. ಇದನ್ನು ಓದಿ ನಮ್ಮಲ್ಲಿಯೂ ಹೀಗೊಂದು ದಿನಾಂಕ ಗೊತ್ತುಮಾಡಿದರಾಯಿತು ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅಲ್ಲಿ ಚಳಿ ಕಳೆದು ವಸಂತ ಬಂದಾಗ ಬಹುಪಾಲು ಹಕ್ಕಿಗಳು ಒಟ್ಟಿಗೆ ಗೂಡಿಗೆ ಇಳಿಯುತ್ತವೆ. ನಮ್ಮಲ್ಲಿ ಗೂಡಿನ ಕಾಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಳೆ. ಚಳ್ಳಕೆರೆಯ ಮಳೆಯನ್ನು ನಂಬಿ ಪಂಚಾಂಗ ಬರೆದವರುಂಟೆ? ಪಿಕಳಾರ ಯುಗಾದಿಗೆ ಮೊದಲೇ ಗೂಡು ಕಟ್ಟುತ್ತದೆ. ಗೀಜಗ ಮಳೆಗೆ ಕಾಯುತ್ತದೆ. ಬುರ್ಲಿ ಹುಲ್ಲು ಬೆಳೆದ ಮೇಲೆ ಮೊಟ್ಟೆಯಿಡುತ್ತದೆ. ಬೆಳವನಿಗಂತೂ ಹನ್ನೆರಡು ತಿಂಗಳೂ ಒಂದೇ. ಎಲ್ಲರಿಗೂ ಒಪ್ಪುವ ಒಂದು ದಿನಾಂಕ ಇಲ್ಲಿ ಸಿಗದು. ಇಲ್ಲಿಗೆ ಒಪ್ಪುವುದು ಕಾವಲಿನ ಕ್ರಮವೇ: ಒಂದು ಭಾಗವನ್ನು ಮುಟ್ಟುವಾಗ ಇನ್ನೊಂದು ಭಾಗ ಬಿಡುವಿನಲ್ಲಿರಬೇಕು.

ಶಿಷ್ಯನ ಹೊಲದಲ್ಲಿ ನಾವು ಮಾಡಿದ್ದೂ ಇಷ್ಟೇ. ಅವನು, ಅವನ ಮಗಳು, ನಾನು ಮೂವರೂ ಬೆಳಗಿನ ಹೊತ್ತಿನಲ್ಲಿ ಬೇಲಿಯುದ್ದಕ್ಕೂ ನಡೆದೆವು. ಬೇಲಿಗೆ ಕೈ ಹಾಕಲಿಲ್ಲ, ಕೊಂಬೆ ಸರಿಸಲಿಲ್ಲ. ಹಾಗೆ ಮಾಡಿದರೆ ಕಾಗೆಗೂ ಮುಂಗುಸಿಗೂ ದಾರಿ ತೋರಿಸಿದಂತೆ. ಹಕ್ಕಿ ಹುಳುವನ್ನು ಕಚ್ಚಿಕೊಂಡು ಎಲ್ಲಿ ಒಳಹೊಕ್ಕಿತು, ಎಲ್ಲಿ ಬರಿಬಾಯಲ್ಲಿ ಹೊರಬಂತು ಎಂದು ದೂರ ನಿಂತು ನೋಡಿದೆವು. ಆ ಹುಡುಗಿ ಗಣಿತದ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕಿಕೊಂಡಳು. ಪಿಕಳಾರದ ಗೂಡು ಮೂರು, ಬೆಳವನದು ಎರಡು, ಹರಟೆಮಲ್ಲನದು ಒಂದು, ಎಲೆ ಹೊಲಿದ ಸಿಂಪಿಗನ ಗೂಡು ಒಂದು. ಅವೆಲ್ಲ ಇದ್ದುದು ಪೂರ್ವ ಮತ್ತು ಉತ್ತರದ ಬೇಲಿಗಳಲ್ಲಿ. ರಸ್ತೆಯ ಬದಿಯ ಬೇಲಿಯಲ್ಲಿ ಏನೂ ಕಾಣಲಿಲ್ಲ. ಅದನ್ನು ಮಾತ್ರ ಆ ವರ್ಷ ತೆಗೆಸಿದ. ಯಂತ್ರದವನು, ಒಂದು ಬದಿಗಾಗಿ ಇಷ್ಟು ದೂರ ಬಂದರೆ ಡೀಸೆಲ್ ಖರ್ಚೂ ಗಿಟ್ಟದೆಂದು ಗೊಣಗಿದನಂತೆ. ಆ ಗೊಣಗಾಟ ನ್ಯಾಯವೇ. ಬಾಡಿಗೆ ಎರಡು ಸಲ ಕೊಡಬೇಕಾಯಿತು, ತಂತಿಯ ಕೆಲಸ ಅರ್ಧಕ್ಕೆ ನಿಂತಿತು, ಉತ್ತರದ ಕಡೆಯಿಂದ ಮೇಕೆಗಳು ನುಗ್ಗಿ ಒಂದಿಷ್ಟು ಶೇಂಗಾ ಸಸಿ ಮೇದವು. ಇದನ್ನೆಲ್ಲ ಮರೆಮಾಚಿ ಹಕ್ಕಿ ಉಳಿಸುವುದು ಸುಲಭವೆಂದು ಬರೆದರೆ ಅದು ಸುಳ್ಳಾಗುತ್ತದೆ. ರೈತನ ಕಿಸೆಗೆ ಅದರ ಭಾರ ಬೀಳುತ್ತದೆ.

ಈ ಭಾರವನ್ನು ಹಂಚಿಕೊಂಡ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಬಡಿಯುವ ಕಾಲವೂ ಮರಿಗಳ ಕಾಲವೂ ಒಂದೇ. ಹಣ್ಣನ್ನು ಬಡಿಯದೆ ಬಿಟ್ಟ ಮರದ ಯಜಮಾನನಿಗೆ ಅರಣ್ಯ ಇಲಾಖೆ 1970ರ ದಶಕದಿಂದ ಪರಿಹಾರ ಕೊಡುವ ಪದ್ಧತಿ ಬಂತು. ಸಾಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಮಹಾರಾಜರು ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಕೊಕ್ಕರೆ ಬೆಳ್ಳೂರು ಅದಕ್ಕಿಂತ ದೊಡ್ಡದೆಂದು ತೋರುತ್ತದೆ. ಅಲ್ಲಿ ಹಕ್ಕಿಗೆ ಜಾಗ ಬಿಟ್ಟವನು ರಾಜನಲ್ಲ, ಹುಣಸೆಹಣ್ಣು ಮಾರಿ ಬದುಕುವವನು.

ಹಸುರು ಮಾಡುತ್ತೇವೆಂದು ಹೊರಟು ಹುಲ್ಲನ್ನು ಕಳೆದುಕೊಂಡ ಉದಾಹರಣೆಯನ್ನೂ ಹೇಳಲೇಬೇಕು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಜೊತೆಗೆ ಎರೆಭೂತವೂ ಇತ್ತು. 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗ ನೀಲಗಿರಿ ತೋಪು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಹೆಚ್ಚಿತು, ಎರೆಭೂತ ಇಲ್ಲವಾಯಿತು. ಬಯಲನ್ನು ಕಂಡರೆ 'ಬಂಜರು' ಎಂದು ಬರೆಯುವ ಲೇಖನಿಗೂ, ಗಿಡ ನೆಟ್ಟರೆ ಪುಣ್ಯ ಬಂತೆಂದು ತಿಳಿಯುವ ನಮ್ಮ ವನಮಹೋತ್ಸವದ ಭಾಷಣಗಳಿಗೂ ಹುಲ್ಲುಗಾವಲು ಎಂದೂ ಅರ್ಥವಾಗಲಿಲ್ಲ.

ಚಳ್ಳಕೆರೆಯ ಕಾವಲುಗಳ ಮುಂದಿನ ಕಥೆ ನಿಮಗೆ ಗೊತ್ತಿರುವಂಥದು. 2008ರ ನಂತರದ ಕೆಲವು ವರ್ಷಗಳಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ನೆಲ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ ಮೊದಲಾದವುಗಳಿಗೆ ಹೋಯಿತು. ಕಾವಲನ್ನು ನಂಬಿದ್ದ ಹಳ್ಳಿಗಳವರು ಹೋರಾಡಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರ ಆಗಸ್ಟಿನಲ್ಲಿ ತೀರ್ಪಾಯಿತು. ಯೋಜನೆಗಳು ನಿಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2024ರ ಮಾರ್ಚ್ 22ರಂದು ಇಸ್ರೋದ 'ಪುಷ್ಪಕ್' ಎಂಬ ರೆಕ್ಕೆಯ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ಅಲ್ಲಿನ ಓಡುದಾರಿಗೆ ಇಳಿಯಿತು. ಅದನ್ನು ದೂರದರ್ಶನದಲ್ಲಿ ಕಂಡು ನಾನೂ ಹೆಮ್ಮೆಪಟ್ಟೆ. ಪಕ್ಕದ ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಜಟಾಯು ರಾವಣನೊಡನೆ ಹೋರಾಡಿ ಬಿದ್ದ ಸ್ಥಳವೆಂದು ನಮ್ಮ ಜನ ನಂಬುತ್ತಾರೆ. ಇಂಥ ಸೀಮೆಯಲ್ಲಿ ಪುಷ್ಪಕ ಇಳಿದದ್ದನ್ನು ನೋಡಿದಾಗ ಮನಸ್ಸು ಹಕ್ಕಿಯ ಕಡೆಗೂ ಹೋಯಿತು. ಹೆಸರಿಟ್ಟವರಿಗೆ ಈ ಕಥೆ ತಿಳಿದಿರಲಾರದು.

ಆ ಆವರಣಗಳ ಒಳಗೆ ಈಗಲೂ ಹುಲ್ಲಿದೆ. ಬೇಲಿಯೊಳಗೆ ಹಿಂಡು ಬಾರದಿರುವುದರಿಂದ ಮೊಟ್ಟೆ ತುಳಿತಕ್ಕೆ ಸಿಕ್ಕದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೇಯಿಸದ ಹುಲ್ಲಿನಲ್ಲಿ ಜಾಲಿ ಏಳುತ್ತದೆ, ಒಣಹುಲ್ಲಿಗೆ ಬೆಂಕಿಯ ಭಯವಿರುತ್ತದೆ, ಆ ಭಯಕ್ಕೆ ಯಂತ್ರದಿಂದ ಸವರಬೇಕಾಗುತ್ತದೆ. ಅಲ್ಲಿ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳು ಇಬ್ಬರೋ ಮೂವರೋ ಇದನ್ನು ಓದುತ್ತಾರೆಂದು ಬಲ್ಲೆ. ಅವರಿಗೆ ನನ್ನ ಕೋರಿಕೆ ಇದು: ಹುಲ್ಲು ಸವರುವ ಗುತ್ತಿಗೆಯ ಕಾಗದ ನಿಮ್ಮ ಮೇಜಿಗೆ ಬಂದರೆ, ಇಡೀ ಆವರಣವನ್ನು ಒಂದೇ ಸಲಕ್ಕೆ ಸವರಬೇಕೆಂದು ಅದರಲ್ಲಿದ್ದರೆ, ಅದನ್ನು ನಾಲ್ಕು ಭಾಗ ಮಾಡಿಸಿ, ಹುಲ್ಲು ಬೀಜ ಉದುರಿಸಿದ ಮೇಲೆ, ನಡುವಿನಿಂದ ಅಂಚಿಗೆ ಎಂದು ಒಂದು ಸಾಲು ಸೇರಿಸಿ. ಕಿಲಾರಿ ಅಜ್ಜನ ಮಾತೆಂದು ಬರೆಯಬೇಕಾಗಿಲ್ಲ, ತಾಂತ್ರಿಕ ನಿಬಂಧನೆಯೆಂದೇ ಬರೆಯಿರಿ.

ಎರೆಭೂತ ಇಂದು ದೇಶದಲ್ಲೆಲ್ಲ ಸೇರಿ ಇನ್ನೂರಕ್ಕೂ ಕಡಿಮೆ. ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಕಂಡದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಾಲೀಂ ಅಲಿಯವರು ಈ ಹಕ್ಕಿಯ ಪರವಾಗಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಮೊಳಕಾಲ್ಮೂರಿನ ಗಡಿ ದಾಟಿದರೆ ಬಳ್ಳಾರಿಯ ಸೀಮೆ. ಹಕ್ಕಿಗೆ ತಾಲ್ಲೂಕಿನ ಗಡಿ ಯಾವ ಲೆಕ್ಕ? ನಿಮ್ಮ ಮನೆಗಳಲ್ಲಿ ಕಾವಲಿನ ಹುಲ್ಲಿನಲ್ಲಿ ಈ ಹಕ್ಕಿಯನ್ನು ಕಣ್ಣಾರೆ ಕಂಡ ಹಿರಿಯರು ಇದ್ದರೆ, ಯಾವ ಕಾವಲು, ಸುಮಾರು ಯಾವ ವರ್ಷ, ಮಳೆಗೆ ಮೊದಲೋ ಆಮೇಲೋ, ಮರಿ ಜೊತೆಗಿತ್ತೋ ಇಲ್ಲವೋ ಎಂಬುದನ್ನು ಕೇಳಿ, ಅವರ ಮಾತಿನಲ್ಲೇ ಬರೆದು ನನಗೆ ಕಳುಹಿಸಿಕೊಡಿ.